ಇನ್ನೊಂದು ಪ್ರತಿ ಎಲ್ಲಿದೆ?

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಸೌರಫಲಕಗಳು ಹರಡಿಕೊಂಡಿವೆ. 2,050 ಮೆಗಾವಾಟ್ ಸಾಮರ್ಥ್ಯದ ಈ ಸೋಲಾರ್ ಪಾರ್ಕಿಗೆ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ, ಒಟ್ಟು 28 ವರ್ಷದ ಕರಾರು. ಬಾಡಿಗೆ ಯಾರ ಕೈ ಸೇರಬೇಕು ಎಂಬುದನ್ನು ಹೇಳುವುದು ಪಹಣಿಯಲ್ಲಿರುವ ಹೆಸರು. ಈ 28 ವರ್ಷದಲ್ಲಿ ಎಷ್ಟೋ ಖಾತೆದಾರರು ತೀರಿಕೊಳ್ಳುತ್ತಾರೆ, ಪೌತಿ ಖಾತೆ ಆಗಬೇಕಾಗುತ್ತದೆ, ಅಣ್ಣತಮ್ಮಂದಿರಲ್ಲಿ ಭಾಗವಾಗುತ್ತದೆ, ಹೆಣ್ಣುಮಕ್ಕಳು ತಮ್ಮ ಪಾಲು ಕೇಳುತ್ತಾರೆ. ಒಂದೊಂದಕ್ಕೂ ಒಂದೊಂದು ಮ್ಯುಟೇಷನ್, ಒಂದೊಂದು ದಾಖಲೆ.

ಈ ದಾಖಲೆಗಳೆಲ್ಲ ಕುಳಿತಿರುವ ಹಾರ್ಡ್‌ಡಿಸ್ಕಿನ ಆಯಸ್ಸಾದರೋ ಐದಾರು ವರ್ಷ. ಅಂದರೆ ಒಂದು ಕರಾರು ಮುಗಿಯುವುದರೊಳಗೆ ಅದೇ ಮಾಹಿತಿ ಹಳೆಯ ಯಂತ್ರದಿಂದ ಹೊಸದಕ್ಕೆ ನಾಲ್ಕೈದು ಸಲ ಸಾಗಬೇಕು. ಪ್ರತಿ ಸಲವೂ ಯಾರೋ ಒಬ್ಬರು ಸರಿಯಾಗಿ ನಕಲು ಮಾಡಿ, ಆ ನಕಲು ತೆರೆಯುತ್ತದೆ ಎಂದು ಖಾತ್ರಿಪಡಿಸಿಕೊಂಡಿರಬೇಕು.

'ಸರ್ವರ್ ಡೌನ್' ಎಂಬ ಮಾತು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಯಾರಿಗೂ ಹೊಸದಲ್ಲ. ನಾಡಕಚೇರಿಯ ಕಿಟಕಿಯ ಮುಂದೆ ಅದನ್ನು ಕೇಳಿ ವಾಪಸು ಹೋದವರೇ ಎಲ್ಲರೂ. ಡೌನ್ ಆದ ಸರ್ವರ್ ಮಧ್ಯಾಹ್ನಕ್ಕೋ ಮಾರನೇ ದಿನಕ್ಕೋ ಎದ್ದು ನಿಲ್ಲುತ್ತದೆ. ಏಳದೇ ಇದ್ದರೆ? ಯಂತ್ರವೇ ಸುಟ್ಟುಹೋದರೆ, ಒಳಗಿದ್ದುದನ್ನೆಲ್ಲ ಯಾರೋ ಅಳಿಸಿಹಾಕಿದರೆ, ಇನ್ನೊಂದು ಪ್ರತಿ ಎಲ್ಲಿದೆ, ಅದನ್ನು ಎಷ್ಟು ಹೊತ್ತಿನಲ್ಲಿ ತೆಗೆದು ಕೊಡುತ್ತೀರಿ ಎಂದು ಕಿಟಕಿಯ ಆಚೆ ನಿಂತವರು ಕೇಳುವ ರೂಢಿ ಇನ್ನೂ ಬಂದಿಲ್ಲ. ಅದು ಬರಲೇಬೇಕು.

ದಕ್ಷಿಣ ಕೊರಿಯಾದಲ್ಲಿ ಈ ಪ್ರಶ್ನೆ ತಡವಾಗಿ ಬಂತು. 2025ರ ಸೆಪ್ಟೆಂಬರ್ 26ರ ರಾತ್ರಿ ಡೇಜಾನ್ ನಗರದ ರಾಷ್ಟ್ರೀಯ ಮಾಹಿತಿ ಕೇಂದ್ರದಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆದಿತ್ತು. ಬೆಂಕಿ ಹೊತ್ತಿಕೊಂಡಿತು. ಪೂರ್ತಿ ಆರಿಸಲು ಹತ್ತಿರಹತ್ತಿರ ಒಂದು ದಿನ ಹಿಡಿಯಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ಒಟ್ಟಿಗೇ ನಿಂತವು. ನಿಂತವುಗಳಲ್ಲಿ ಹೆಚ್ಚಿನವು ನಿಧಾನವಾಗಿ ಮತ್ತೆ ಬಂದವು. ಬಾರದೇ ಹೋದದ್ದು 'ಜಿ-ಡ್ರೈವ್'. ಅದು ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಟ್ಟುಕೊಳ್ಳಲೆಂದು ಸರ್ಕಾರವೇ ಕಟ್ಟಿಕೊಟ್ಟಿದ್ದ ಕ್ಲೌಡ್. ಅದರಲ್ಲಿದ್ದ 858 ಟೆರಾಬೈಟ್ ಮಾಹಿತಿಗೆ ಹೊರಗೆ ಎಲ್ಲೂ ಇನ್ನೊಂದು ಪ್ರತಿ ಇರಲಿಲ್ಲ. ಗಾತ್ರ ತೀರಾ ದೊಡ್ಡದು, ಹಾಗಾಗಿ ಬ್ಯಾಕಪ್ ಮಾಡಲಾಗಲಿಲ್ಲ ಎಂಬ ವಿವರಣೆ ಬಂತು. ಕಚೇರಿ ಕಂಪ್ಯೂಟರಿನಲ್ಲಿ ಏನೂ ಇಡಬೇಡಿ, ಎಲ್ಲವನ್ನೂ ಜಿ-ಡ್ರೈವ್‌ನಲ್ಲೇ ಇಡಿ ಎಂದು ಕಟ್ಟುನಿಟ್ಟು ಮಾಡಿದ್ದ ಇಲಾಖೆಗೇ ಎಲ್ಲಕ್ಕಿಂತ ಹೆಚ್ಚು ನಷ್ಟವಾಯಿತು.

ಜಗತ್ತಿನಲ್ಲಿ ಕಂಪ್ಯೂಟರ್ ಬಳಕೆಯಲ್ಲಿ ಮುಂಚೂಣಿಯಲ್ಲಿರುವ ದೇಶದ ಕಥೆ ಇದು. ಯುಪಿಎಸ್ ಬ್ಯಾಟರಿಯನ್ನು ಸರ್ವರಿನ ಪಕ್ಕದಲ್ಲೇ ಇಟ್ಟುಕೊಂಡಿರುವ ಕಚೇರಿಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟಿಲ್ಲ? ಅದೇ ಕೊಠಡಿಯ ಬೀರುವಿನಲ್ಲಿ ಬ್ಯಾಕಪ್ ಹಾರ್ಡ್‌ಡಿಸ್ಕ್ ಇಟ್ಟು ಬೀಗ ಹಾಕಿ, ಸುರಕ್ಷಿತವಾಗಿದೆ ಎಂದು ನಂಬಿಕೊಂಡವರು ಎಷ್ಟು ಮಂದಿಯಿಲ್ಲ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ.

ದಾಖಲೆಗಳನ್ನು ಕಂಪ್ಯೂಟರಿಗೆ ತರುವುದರಲ್ಲಿ ಕರ್ನಾಟಕಕ್ಕೆ ಒಂದು ಹೆಮ್ಮೆಯ ಇತಿಹಾಸವಿದೆ. 'ಭೂಮಿ' ಯೋಜನೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ ಮತ್ತು ಎನ್‌ಐಸಿ ಸೇರಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದವು. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದು ಮಾಡಲಾಯಿತು. ಕಂಪ್ಯೂಟರಿನಲ್ಲಿ ಇರುವುದೇ ದಾಖಲೆ ಎಂದು ಸರ್ಕಾರವೇ ಹೇಳಿದ ಮೇಲೆ, ಆ ಕಂಪ್ಯೂಟರಿನ ಪ್ರತಿಯನ್ನು ಕಾಯುವ ಹೊಣೆಯ ತೂಕ ಎಷ್ಟೋ ಪಟ್ಟು ಹೆಚ್ಚಿತು. ಹಿಂದೆ ಗ್ರಾಮ ಲೆಕ್ಕಿಗರ ಬಳಿ ಒಂದು ಪುಸ್ತಕ, ತಾಲ್ಲೂಕು ಕಚೇರಿಯಲ್ಲಿ ಒಂದು, ರೈತನ ಟ್ರಂಕಿನಲ್ಲಿ ಒಂದು ನಕಲು ಇರುತ್ತಿತ್ತು. ಒಂದು ಗೆದ್ದಲು ತಿಂದರೂ ಇನ್ನೊಂದು ಉಳಿಯುತ್ತಿತ್ತು. ಎಲ್ಲವನ್ನೂ ಒಂದೆಡೆ ತಂದಾಗ ಕೆಲಸ ಸಲೀಸಾಯಿತು, ಅಪಾಯವೂ ಒಂದೆಡೆ ಕೂಡಿತು.

ಪಹಣಿ ಕಂಪ್ಯೂಟರಿಗೆ ಬಂದರೂ ಅದರ ಬೇರು ಇರುವುದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಕಬ್ಬಿಣದ ರ‍್ಯಾಕುಗಳ ಮೇಲೆ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಗಂಟಿಗೆ ಸಿಕ್ಕಿಸಿದ ಚೀಟಿಯಲ್ಲಿ ಹೋಬಳಿ, ಗ್ರಾಮ, ವರ್ಷ. ಒಳಗೆ ದರಖಾಸ್ತು ಕಡತ, ಸಾಗುವಳಿ ಚೀಟಿಯ ಕಚೇರಿ ಪ್ರತಿ, ಮ್ಯುಟೇಷನ್ ವಹಿ. ಮಡಿಸಿದ ಜಾಗದಲ್ಲಿ ಕಾಗದ ಹರಿದಿರುತ್ತದೆ, ಸರಿಯಾಗಿ ಸರ್ವೆ ನಂಬರ್ ಇದ್ದ ಕಡೆಯೇ ಪುಡಿಯಾಗಿರುತ್ತದೆ. ಪೋಡಿಗೆ ಅರ್ಜಿ ಹಾಕಿದ ರೈತನಿಗೆ 'ಕಡತ ಲಭ್ಯವಿಲ್ಲ' ಎಂಬ ಹಿಂಬರಹ ಸಿಕ್ಕಿತೆಂದರೆ ಮುಂದಿನ ಅಲೆದಾಟಕ್ಕೆ ಲೆಕ್ಕವಿಲ್ಲ. ತಾತನ ಕಾಲದಲ್ಲಿ ಮಂಜೂರಾಗಿ, ಉಳುತ್ತಾ ಬಂದ ಜಮೀನು ತನ್ನದೆಂದು ಸಾಬೀತುಪಡಿಸಲು ಮೊಮ್ಮಗ ಉಪವಿಭಾಗಾಧಿಕಾರಿ ನ್ಯಾಯಾಲಯಕ್ಕೆ ಮಧುಗಿರಿಗೆ, ಜಿಲ್ಲಾಧಿಕಾರಿ ಕಚೇರಿಗೆ ತುಮಕೂರಿಗೆ ಓಡಾಡುತ್ತಾನೆ. ಒಂದೇ ಪ್ರತಿ ಇದ್ದು ಅದೂ ಕಳೆದುಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ರೈತರಿಗೆ ಯಾವ ಕಂಪ್ಯೂಟರ್ ತಜ್ಞನೂ ಬಂದು ಹೇಳಿಕೊಡಬೇಕಾಗಿಲ್ಲ.

ಈ ಗಂಟುಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಯೋಜನೆ 2024ರ ಆರಂಭದಲ್ಲಿ ಜಿಲ್ಲೆಗೊಂದು ತಾಲ್ಲೂಕಿನಂತೆ ಶುರುವಾಗಿ ಆಮೇಲೆ ಉಳಿದ ಕಡೆಗೂ ವಿಸ್ತರಿಸಿತು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಹಿಡಿದ ಈ ಕೆಲಸ ನಿಜಕ್ಕೂ ದೊಡ್ಡದು, ತಡವಾಗಿಯಾದರೂ ಆಗಬೇಕಾಗಿದ್ದದ್ದು. ಕಡತ ತಿದ್ದುವವರಿಗೆ, ಮಾಯ ಮಾಡುವವರಿಗೆ ಇದರಿಂದ ಕಡಿವಾಣ ಬೀಳುತ್ತದೆ. ಆದರೆ ಸ್ಕ್ಯಾನ್ ಮಾಡಿದರೆ ಕೆಲಸ ಅರ್ಧವಷ್ಟೇ ಆಯಿತು. ಉಳಿದರ್ಧ ಯಾರ ಕಣ್ಣಿಗೂ ಬೀಳದ ಕೆಲಸ. ಆ ಚಿತ್ರಗಳ ಪ್ರತಿಗಳು ಎಷ್ಟು, ಎಷ್ಟು ದೂರದ ಊರುಗಳಲ್ಲಿವೆ, ಕೊನೆಯ ಸಲ ಯಾವಾಗ ತೆಗೆದು ನೋಡಲಾಯಿತು ಎಂಬುದು. ಇದಕ್ಕೆ ಉದ್ಘಾಟನೆ ಇರುವುದಿಲ್ಲ, ಫಲಕ ಇರುವುದಿಲ್ಲ. ಹಾಗಾಗಿ ಅನುದಾನವೂ ಗಮನವೂ ಸುಲಭವಾಗಿ ಸಿಗುವುದಿಲ್ಲ.

'ಎಲ್ಲ ಕ್ಲೌಡ್‌ನಲ್ಲಿದೆ ಸಾರ್, ಏನೂ ಆಗಲ್ಲ' ಎಂಬ ಉತ್ತರ ಈಗ ಎಲ್ಲೆಡೆ ಕೇಳುತ್ತದೆ. ಕ್ಲೌಡ್ ಎಂದರೆ ಮುಂಬೈ, ಹೈದರಾಬಾದ್, ಪುಣೆ, ಚೆನ್ನೈ, ದೆಹಲಿಯಂಥ ಊರುಗಳಲ್ಲಿ ಕರೆಂಟು, ನೀರು, ಬ್ಯಾಟರಿ, ಕಾವಲುಗಾರರು ಇರುವ ಕಟ್ಟಡಗಳು. ಕಟ್ಟಡವೆಂದ ಮೇಲೆ ಬೆಂಕಿ ಬೀಳಬಹುದು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರ ನಸುಕಿನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಅಲ್ಲಿ ಸರ್ವರ್ ಇಟ್ಟಿದ್ದವರಲ್ಲಿ ಕೆಲವರು ಬ್ಯಾಕಪ್ ಸೇವೆಗೆಂದು ಬೇರೆ ದುಡ್ಡು ಕೊಟ್ಟಿದ್ದರು. ಆ ಬ್ಯಾಕಪ್ ಕೂಡ ಅದೇ ಆವರಣದಲ್ಲಿ ಇತ್ತೆಂದು ಅವರಿಗೆ ಗೊತ್ತಾದದ್ದು ಎರಡೂ ಹೋದ ಮೇಲೆ.

ಬೆಂಕಿಯೇ ಬೀಳಬೇಕೆಂದಿಲ್ಲ, ಒಂದು ಖಾಲಿ ಕಾಲಂ ಸಾಕು. ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ಜೀವಮಾನದ ಉಳಿತಾಯವಿದೆ. ಅದರ ವ್ಯವಸ್ಥೆ ಗೂಗಲ್ ಕ್ಲೌಡ್‌ನಲ್ಲಿ ವರ್ಚುವಲ್ ಮಷೀನುಗಳ ಮೇಲೆ ನಡೆಯುತ್ತಿತ್ತು. ವ್ಯವಸ್ಥೆ ಸಿದ್ಧಪಡಿಸುವಾಗ ಗೂಗಲ್ ಕಡೆಯವರು ಒಂದು ಕಾಲಂ ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟದ್ದರಿಂದ ಅದು ಒಂದು ವರ್ಷದ ಅವಧಿಯದು ಎಂದು ತಾನೇ ನಮೂದಾಯಿತು. ವರ್ಷ ತುಂಬಿದಾಗ, 2024ರ ಮೇ ತಿಂಗಳ ಮೊದಲ ವಾರ, ಇಡೀ ಖಾಸಗಿ ಕ್ಲೌಡ್ ಅಳಿಸಿಹೋಯಿತು. ಒಂದು ಕಡೆಯ ಪ್ರತಿ ಹೋದರೆ ಇರಲಿ ಎಂದು ಇನ್ನೊಂದು ಕಡೆ ಇಟ್ಟಿದ್ದ ಪ್ರತಿಯೂ ಜತೆಗೇ ಹೋಯಿತು. ಸದಸ್ಯರು ವಾರಕ್ಕೂ ಮಿಕ್ಕಿ ತಮ್ಮ ಖಾತೆ ನೋಡಲಾಗಲಿಲ್ಲ. ಹಣ ಮಾತ್ರ ಸುರಕ್ಷಿತವಾಗಿ ಉಳಿಯಿತು. ಬೇರೊಂದು ಕಂಪನಿಯ ಬಳಿ ಮೂರನೇ ಪ್ರತಿಯನ್ನು ಯೂನಿಸೂಪರ್ ಇಟ್ಟುಕೊಂಡಿತ್ತು. ನೂರಾರು ವರ್ಚುವಲ್ ಮಷೀನುಗಳನ್ನು ಒಂದೊಂದಾಗಿ ಎಬ್ಬಿಸಿ ನಿಲ್ಲಿಸಲು ಅದು ನೆರವಾಯಿತು.

ವರ್ಚುವಲ್ ಮಷೀನ್ ಎಂದರೆ ಏನೆಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಂದು ಗಟ್ಟಿ ಸರ್ವರಿನೊಳಗೆ ಹತ್ತಿಪ್ಪತ್ತು ಕಂಪ್ಯೂಟರ್‌ಗಳು ಸಾಫ್ಟ್‌ವೇರ್ ರೂಪದಲ್ಲಿ ಬೇರೆಬೇರೆಯಾಗಿ ಓಡುತ್ತವೆ. ಒಂದೊಂದಕ್ಕೂ ತನ್ನದೇ ವಿಂಡೋಸ್ ಅಥವಾ ಲಿನಕ್ಸ್, ತನ್ನದೇ ಡಿಸ್ಕ್. ಆ ಡಿಸ್ಕ್ ವಾಸ್ತವದಲ್ಲಿ ಒಂದು ದೊಡ್ಡ ಕಡತ ಅಷ್ಟೆ. ಅದನ್ನು ನಕಲು ಮಾಡಿದರೆ ಕಂಪ್ಯೂಟರೇ ನಕಲಾದಂತೆ. ಬರೀ ಫೈಲುಗಳ ನಕಲಿಗೂ ಇದಕ್ಕೂ ಇರುವ ಅಂತರ ತುಮಕೂರು ಜಿಲ್ಲೆಯ ಯಾವುದೇ ಡಿಟಿಪಿ ಸೆಂಟರ್ ಅಥವಾ ಪತ್ರ ಬರಹಗಾರರ ಅಂಗಡಿಗೆ ಹೋದರೆ ತಿಳಿಯುತ್ತದೆ. ಅಲ್ಲಿ ಇಪ್ಪತ್ತು ವರ್ಷದ ಕ್ರಯಪತ್ರ, ವಿಭಾಗಪತ್ರ, ಕರಪತ್ರ, ಲಗ್ನಪತ್ರಿಕೆಗಳು ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ, ಪೇಜ್‌ಮೇಕರ್ ಪುಟಗಳಲ್ಲಿ ಇವೆ. ಅವು ಯೂನಿಕೋಡ್ ಅಲ್ಲ. ಫೈಲುಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲು ಇದೆ, ಓದಲು ಬರುವುದಿಲ್ಲ.

ಇಂಥವರಿಗೆ ವರ್ಚುವಲ್ ಮಷೀನ್ ನಿಜವಾದ ಉಪಕಾರ. ವಿಂಡೋಸ್ ಎಕ್ಸ್‌ಪಿ, ನುಡಿ, ಪೇಜ್‌ಮೇಕರ್, ಫಾಂಟುಗಳ ಸಮೇತ ಆ ಹಳೆಯ ಕಂಪ್ಯೂಟರನ್ನೇ ಇಡಿಯಾಗಿ ಒಂದು ಕಡತವಾಗಿ ಮಾಡಿಕೊಳ್ಳಬಹುದು. ಪುಕ್ಕಟೆ ಸಿಗುವ ಪುಟ್ಟ ಸಾಫ್ಟ್‌ವೇರುಗಳೇ ಈ ಕೆಲಸ ಮಾಡುತ್ತವೆ. ಆ ಕಡತವನ್ನು ಹೊಸ ಯಂತ್ರದೊಳಗೆ ಓಡಿಸಿದರೆ ಹಳೆಯ ಪರದೆ ಹಾಗೆಯೇ ಮೂಡಿ, ಹಳೆಯ ಪತ್ರ ತೆರೆದುಕೊಳ್ಳುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಭದ್ರತಾ ಬೆಂಬಲ ನಿಂತಿರುವುದರಿಂದ ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡಬಾರದು ಎಂಬುದೊಂದೇ ಎಚ್ಚರ. ಒಂದು ತಾಲ್ಲೂಕಿನ ಎರಡು ದಶಕದ ವ್ಯವಹಾರ, ಜಗಳ, ಮದುವೆಗಳ ಚರಿತ್ರೆ ಈ ಅಂಗಡಿಗಳ ಕಂಪ್ಯೂಟರಿನಲ್ಲಿದೆ. ಅದು ಗುಜರಿಗೆ ಹೋಗಬಾರದು.

ಎರಡು ತಪ್ಪು ತಿಳಿವಳಿಕೆಗಳಿಂದ ತುಂಬಾ ಹಾನಿಯಾಗುತ್ತಿದೆ. ಒಂದು, ಸ್ನ್ಯಾಪ್‌ಶಾಟ್ ತೆಗೆದಿದ್ದೇವೆ, ಅದೇ ಬ್ಯಾಕಪ್ ಎನ್ನುವುದು. ವರ್ಚುವಲ್ ಮಷೀನಿನ ಸ್ನ್ಯಾಪ್‌ಶಾಟ್ ಸಾಮಾನ್ಯವಾಗಿ ಮೂಲದ ಪಕ್ಕದಲ್ಲೇ, ಅದೇ ಡಿಸ್ಕಿನಲ್ಲಿ ಇರುತ್ತದೆ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ಇನ್ನೊಂದು, ಗೂಗಲ್ ಡ್ರೈವಿಗೋ ಒನ್‌ಡ್ರೈವಿಗೋ ಸಿಂಕ್ ಆಗುತ್ತಿದೆ, ಸಾಕು ಎನ್ನುವುದು. ಸಿಂಕ್ ಎಂದರೆ ಇಲ್ಲಿ ಆದದ್ದು ಅಲ್ಲೂ ಆಗುವುದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ವೈರಸ್ ಕೆಡಿಸಿದ ಫೈಲು ಅಲ್ಲೂ ಕೆಟ್ಟೇ ಕೂರುತ್ತದೆ. ಕೆಲವು ದಿನದ ಹಳೆಯ ಆವೃತ್ತಿಗಳು ಸಿಗುವುದುಂಟು. ಆದರೆ ತಿಂಗಳು ಕಳೆದ ಮೇಲೆ ಗೊತ್ತಾಗುವ ತಪ್ಪಿಗೆ ಅದರಿಂದ ಪ್ರಯೋಜನವಿಲ್ಲ, ಲೆಕ್ಕಪತ್ರದ ತಪ್ಪುಗಳೆಲ್ಲ ಆಡಿಟ್ ಹೊತ್ತಿಗೇ ಗೊತ್ತಾಗುವಂಥವು.

ಬ್ಯಾಕಪ್ ವಿಷಯದಲ್ಲಿ ಜಗತ್ತಿನ ಕಂಪನಿಗಳಿಗೆಲ್ಲ ಪಾಠವಾದ ದಿನ 2017ರ ಜನವರಿ 31. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರೊಬ್ಬರು ರಾತ್ರಿ ದಣಿದಿದ್ದಾಗ ತಪ್ಪು ಸರ್ವರಿನ ಮೇಲೆ ಅಳಿಸುವ ಆಜ್ಞೆ ಕೊಟ್ಟರು. ಎಚ್ಚೆತ್ತು ನಿಲ್ಲಿಸುವಷ್ಟರಲ್ಲಿ 300 ಗಿಗಾಬೈಟ್‌ನಷ್ಟು ದತ್ತಾಂಶ ಹೋಗಿತ್ತು. ಕಂಪನಿಯ ಬಳಿ ಬ್ಯಾಕಪ್‌ಗೆಂದು ಐದು ವಿಧಾನಗಳಿದ್ದವು. ಐದರಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಒಂದು ವಿಧಾನ ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಪ್ರತಿದಿನ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇ-ಮೇಲ್ ಕೂಡ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ನಕಲು ಆಕಸ್ಮಿಕವಾಗಿ ಸಿಕ್ಕಿ ಕಂಪನಿ ಉಳಿಯಿತು. ಇದನ್ನೆಲ್ಲ ಮುಚ್ಚಿಡದೆ ಅವರು ಜಗತ್ತಿನ ಮುಂದೆ ಬಿಚ್ಚಿಟ್ಟರು. ನಮ್ಮ ಸಂಸ್ಥೆಗಳು ಕಲಿಯಬೇಕಾದ ನಡತೆ ಅದು.

ಶಿರಾದ ಸಹಕಾರ ಸಂಘಕ್ಕೂ ಅಮೆರಿಕದ ಕಂಪನಿಗೂ ಏನು ಸಂಬಂಧ ಎಂದು ಕೇಳಬಹುದು. ಬಲವಾದ ಸಂಬಂಧವಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಕಂಪ್ಯೂಟರೀಕರಿಸಲು ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದೇಶದ 63 ಸಾವಿರ ಸಂಘಗಳು, 2,516 ಕೋಟಿ ರೂಪಾಯಿ, ಎಲ್ಲಕ್ಕೂ ಕ್ಲೌಡ್ ಮೇಲೆ ಒಂದೇ ಸಾಫ್ಟ್‌ವೇರ್. ಸೊನ್ನೆ ಬಡ್ಡಿಯ ಬೆಳೆ ಸಾಲ, ಗೊಬ್ಬರದ ಲೆಕ್ಕ, ಷೇರು ಬಂಡವಾಳ, ಸದಸ್ಯರ ಠೇವಣಿ ಎಲ್ಲ ಅಲ್ಲಿಗೆ ಹೋಗುತ್ತವೆ. ಬೆಳಿಗ್ಗೆ ಸಂಜೆ ಲೀಟರ್ ಲೆಕ್ಕದಲ್ಲಿ ದುಡ್ಡು ಎಣಿಸುವ ಹಾಲು ಉತ್ಪಾದಕರ ಸಂಘಗಳಲ್ಲೂ ಫ್ಯಾಟು, ಎಸ್‌ಎನ್‌ಎಫ್ ಅಂಕಿಗಳು ಯಂತ್ರದಿಂದ ನೇರ ಕಂಪ್ಯೂಟರಿಗೆ ಸೇರುತ್ತವೆ. ಕಡಲೆಕಾಯಿ, ಹುಣಸೆಹಣ್ಣು ಮಂಡಿಗಳ ಖಾತೆ ಟ್ಯಾಲಿಯಲ್ಲಿದೆ. ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಆ ಮಕ್ಕಳ ದಾಖಲಾತಿ, ಅಂಕ, ವರ್ಗಾವಣೆ ಪತ್ರಗಳೂ ಕಂಪ್ಯೂಟರಿಗೇ ಸೇರಿವೆ. ಇವುಗಳಲ್ಲಿ ಯಾವುದು ಹೋದರೂ ಬೀದಿಗೆ ಬರುವವರು ನಮ್ಮವರೇ.

ಕಳ್ಳರೂ ಇದನ್ನು ಬಲ್ಲರು. ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ 2022ರ ನವೆಂಬರ್ 23ರಂದು ನುಗ್ಗಿದವರು ಸುಮಾರು 1.3 ಟೆರಾಬೈಟ್ ಮಾಹಿತಿಗೆ ತಮ್ಮ ಬೀಗ ಜಡಿದರು. ಹೊರರೋಗಿ ಚೀಟಿಯಿಂದ ಹಿಡಿದು ರಕ್ತಪರೀಕ್ಷೆಯ ವರದಿಯವರೆಗೆ ಎಲ್ಲವೂ ಎರಡು ವಾರದ ಹತ್ತಿರಹತ್ತಿರ ಕೈಬರಹದಲ್ಲಿ ನಡೆಯಿತು. ಸೋಂಕು ತಗುಲದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಇ-ಹಾಸ್ಪಿಟಲ್ ದತ್ತಾಂಶ ವಾಪಸು ಬಂತು. ಈಗಿನ ಕಳ್ಳರು ಮೊದಲು ಹುಡುಕುವುದೇ ಬ್ಯಾಕಪ್ ಎಲ್ಲಿದೆ ಎಂದು. 2014ರಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕ್ಲೌಡ್ ಖಾತೆಯ ಪಾಸ್‌ವರ್ಡ್ ಹಿಡಿದವರು, ದುಡ್ಡು ಕೇಳಿ, ಕಂಪನಿ ಖಾತೆಯನ್ನು ವಾಪಸು ಪಡೆಯಲು ಹೊರಟಾಗ ಮೂಲ ಮತ್ತು ಬ್ಯಾಕಪ್ ಎರಡರಲ್ಲೂ ಹೆಚ್ಚಿನದನ್ನು ಅಳಿಸಿದರು. ಎರಡೂ ಒಂದೇ ಖಾತೆಯಲ್ಲಿದ್ದವು. ಕಂಪನಿ ಬಾಗಿಲು ಹಾಕಿತು.

ಹಡಗು ಸಾಗಣೆಯ ಮೇರ್ಸ್ಕ್ ಕಂಪನಿಯನ್ನು 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ವೈರಸ್ ನುಂಗಿದಾಗ ಅದರ ಜಾಲದ ಕೀಲಿಕೈಯಾಗಿದ್ದ ಸರ್ವರುಗಳೆಲ್ಲ ಒಂದೇ ಗಳಿಗೆಯಲ್ಲಿ ಹೋದವು. ಅವು ಒಂದರ ಪ್ರತಿಯನ್ನು ಇನ್ನೊಂದು ಇಟ್ಟುಕೊಂಡಿದ್ದವು, ಒಟ್ಟಿಗೇ ಹೋದದ್ದರಿಂದ ಪ್ರತಿಯೇ ಇಲ್ಲವಾಯಿತು. ಕೊನೆಗೆ ಘಾನಾ ದೇಶದ ಕಚೇರಿಯಲ್ಲಿ ಒಂದು ಸರ್ವರ್ ಉಳಿದಿರುವುದು ಪತ್ತೆಯಾಯಿತು. ವೈರಸ್ ಬಂದ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು, ಸರ್ವರ್ ಜಾಲದಿಂದ ಕಳಚಿಕೊಂಡಿತ್ತು. ಬೇಸಗೆಯಲ್ಲಿ ಪಾವಗಡದಲ್ಲಿ ಕರೆಂಟು ಹೋದಷ್ಟೇ ಸಹಜವಾದ ಆ ಘಟನೆ ಇಡೀ ಕಂಪನಿಯನ್ನು ಉಳಿಸಿತು. ಅದೃಷ್ಟದಿಂದ ಆದದ್ದನ್ನು ಬೇಕೆಂದೇ ಮಾಡಿಟ್ಟುಕೊಳ್ಳಬೇಕು. ಒಂದು ಪ್ರತಿ ಯಾವ ಜಾಲಕ್ಕೂ ಸಿಕ್ಕದಂತೆ ಕಳಚಿ ಇಟ್ಟದ್ದಾಗಿರಬೇಕು, ಇಲ್ಲವೇ ಇಂತಿಷ್ಟು ದಿನ ಯಜಮಾನನೂ ಅಳಿಸಲಾಗದಂತೆ ಕ್ಲೌಡ್‌ನಲ್ಲಿ ಬೀಗ ಹಾಕಿದ್ದಾಗಿರಬೇಕು. ಆ ಸೌಲಭ್ಯ ಈಗ ದೊಡ್ಡ ಕ್ಲೌಡ್ ಕಂಪನಿಗಳೆಲ್ಲದರಲ್ಲೂ ಇದೆ. ಆ ಖಾತೆಯ ಪಾಸ್‌ವರ್ಡ್ ದಿನನಿತ್ಯದ ಖಾತೆಯದ್ದಾಗಿರಕೂಡದು.

ನಮ್ಮ ಕಡೆ ಇಂಟರ್‌ನೆಟ್ಟೇ ಆಮೆ, ಕ್ಲೌಡಿಗೆ ಕಳಿಸುವುದೆಲ್ಲಿಂದ ಎಂಬ ತಕರಾರು ಹುರುಳಿಲ್ಲದ್ದಲ್ಲ. ಲೆಕ್ಕ ಹಾಕಿ ನೋಡೋಣ. 500 ಗಿಗಾಬೈಟ್ ದತ್ತಾಂಶವನ್ನು ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಕಳಿಸಲು ಸುಮಾರು 55 ಗಂಟೆ, 5 ಮೆಗಾಬಿಟ್ ಆದರೆ ಒಂಬತ್ತು ದಿನ. ಆದರೆ ಇದು ಮೊದಲ ಸಲಕ್ಕೆ ಮಾತ್ರ. ಆಮೇಲೆ ಡಿಸ್ಕಿನಲ್ಲಿ ಬದಲಾದ ತುಣುಕುಗಳನ್ನಷ್ಟೇ ಗುರುತಿಸಿ ಕಳಿಸುವ ವಿಧಾನವಿದೆ. ವರ್ಚುವಲ್ ಮಷೀನ್ ಬ್ಯಾಕಪ್ ಸಾಫ್ಟ್‌ವೇರುಗಳೆಲ್ಲ ಹಾಗೆಯೇ ಮಾಡುತ್ತವೆ. ಸಂಘದ ಒಂದು ದಿನದ ಬದಲಾವಣೆ ಕೆಲವು ನೂರು ಮೆಗಾಬೈಟ್ ದಾಟುವುದು ಅಪರೂಪ. ರಾತ್ರಿ ಹನ್ನೊಂದಕ್ಕೆ ಶುರುವಾದರೆ ಬೆಳಗಿನ ಹಾಲಿನ ಹೊತ್ತಿಗೆ ಮುಗಿದಿರುತ್ತದೆ. ಮೊದಲ ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲಿ ಹಾಕಿಕೊಂಡು, ಇಂಟರ್‌ನೆಟ್ ಚೆನ್ನಾಗಿರುವ ತುಮಕೂರಿನಿಂದ ಏರಿಸಲೂಬಹುದು.

ಇನ್ನೊಂದು ಆತಂಕ, ನಮ್ಮ ಲೆಕ್ಕ ಬೇರೆಯವರ ಕೈಗೆ ಹೋಗುತ್ತದಲ್ಲ ಎಂಬುದು. ಕಳಿಸುವ ಮೊದಲೇ ನಮ್ಮ ಕಂಪ್ಯೂಟರಿನಲ್ಲಿ ಗೂಢಲಿಪಿಗೆ ತಿರುಗಿಸಿದರೆ ಕ್ಲೌಡ್ ಕಂಪನಿಯವರಿಗೂ ಅದು ಓದಲಾಗದ ರಾಶಿ. ಆಗ ಆ ಕೀಲಿಯನ್ನು ಕಾಗದದಲ್ಲಿ ಬರೆದು ಬ್ಯಾಂಕ್ ಲಾಕರಿನಲ್ಲಿ ಇಡುವುದು ಕಡ್ಡಾಯ. ಕೀಲಿ ಕಳೆದರೆ ಬ್ಯಾಕಪ್ ಇದ್ದೂ ಇಲ್ಲ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಜನರ ಮಾಹಿತಿ ಇಟ್ಟುಕೊಂಡವರು ಮಾಡಿಕೊಳ್ಳಬೇಕಾದ ರಕ್ಷಣಾ ಕ್ರಮಗಳಲ್ಲಿ ಬ್ಯಾಕಪ್ಪನ್ನೂ ಅವು ಹೆಸರಿಸಿವೆ. ಹಾಗಾಗಿ ಅವು ಪೂರ್ತಿ ಜಾರಿಗೆ ಬಂದ ಮೇಲೆ ಬ್ಯಾಕಪ್ ಕಾರ್ಯದರ್ಶಿಯ ಉತ್ಸಾಹಕ್ಕೆ ಬಿಟ್ಟ ವಿಷಯವಾಗಿರುವುದಿಲ್ಲ.

ಮನೆಮಂದಿಯ ಮಟ್ಟಿಗೆ ಹೇಳುವುದಾದರೆ, ಗೂಗಲ್ ಕೊಡುವ ಪುಕ್ಕಟೆ ಜಾಗ 15 ಗಿಗಾಬೈಟ್. ಅದರಲ್ಲಿ ಮೇಲ್, ಡ್ರೈವ್, ಫೋಟೊ, ಈಗ ಆಂಡ್ರಾಯ್ಡ್ ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲವೂ ಸೇರಿವೆ. ಮೊಬೈಲ್ ಬಾವಿಗೆ ಬಿದ್ದ ದಿನ ಬ್ಯಾಕಪ್ ಆರು ತಿಂಗಳ ಹಿಂದೆಯೇ ಜಾಗವಿಲ್ಲದೆ ನಿಂತಿತ್ತೆಂದು ಗೊತ್ತಾಗುತ್ತದೆ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದೆಂಬ ನಿಯಮವೂ ಜಾರಿಯಲ್ಲಿದೆ, ತೀರಿಕೊಂಡವರ ಖಾತೆಯಲ್ಲಿದ್ದ ಫೋಟೊಗಳ ಬಗ್ಗೆ ಮನೆಯವರು ಇದನ್ನು ನೆನಪಿಡಬೇಕು. ಮದುವೆ ಫೋಟೊ ತೆಗೆಯುವ ಸ್ಟುಡಿಯೊದವರು ಒಂದೇ ಹಾರ್ಡ್‌ಡಿಸ್ಕಿನಲ್ಲಿ ಹತ್ತಾರು ಕುಟುಂಬಗಳ ನೆನಪು ಹೊತ್ತು ತಿರುಗುತ್ತಾರೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ ಎಂಬ 3-2-1 ಸೂತ್ರವನ್ನು ಜನಪ್ರಿಯಗೊಳಿಸಿದ ಪೀಟರ್ ಕ್ರೋ ಕೂಡ ಅವರ ವೃತ್ತಿಯವರೇ, ಅಮೆರಿಕದ ಛಾಯಾಗ್ರಾಹಕ. ತಿಂಗಳಿಗೆ ನೂರಿನ್ನೂರು ರೂಪಾಯಿಯ ಕ್ಲೌಡ್ ಜಾಗ ಮತ್ತು ಒಂದು ಹೆಚ್ಚುವರಿ ಡಿಸ್ಕಿನಲ್ಲಿ ಮನೆಯ ಮಟ್ಟಿಗೆ ಇದು ಮುಗಿಯುತ್ತದೆ.

ಈ ನೆಲಕ್ಕೆ ಪ್ರತಿಯ ಬೆಲೆ ಹೊಸದಾಗಿ ಗೊತ್ತಾಗಬೇಕಾಗಿಲ್ಲ. ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟವಾಗಿ ತುಮಕೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಶಿರಾ, ಮಧುಗಿರಿ, ಪಾವಗಡದ ಶಾಸನಗಳೂ ಅದರಲ್ಲಿವೆ. ಕಲ್ಲು ಒಡೆದು ಪಾಯಕ್ಕೆ ಸೇರಿದರೂ ಪಾಠ ಉಳಿಯುವುದು ಇಂಥ ಕೆಲಸದಿಂದ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದೂ ಅದೇ ಕಾಳಜಿಯಿಂದ.

ಸರ್ಕಾರದಿಂದ ಆಗಬೇಕಾದದ್ದು ದುಬಾರಿಯದ್ದೇನಲ್ಲ. ಭೂಮಿ, ಆಸ್ತಿ ನೋಂದಣಿಯ ಕಾವೇರಿ, ಗ್ರಾಮ ಪಂಚಾಯಿತಿ ಆಸ್ತಿಗಳ ಇ-ಸ್ವತ್ತು, ಭೂ ಸುರಕ್ಷಾ ಪ್ರತಿಯೊಂದಕ್ಕೂ ವರ್ಷಕ್ಕೆ ಎರಡು ಸಲ, ಬ್ಯಾಕಪ್ಪಿನಿಂದ ಇಡೀ ವ್ಯವಸ್ಥೆಯನ್ನು ಬೇರೆ ಊರಿನ ಯಂತ್ರದಲ್ಲಿ ಎಬ್ಬಿಸಿ ನೋಡಬೇಕು. ಪರೀಕ್ಷೆ ನಡೆದ ದಿನ, ತಗುಲಿದ ಸಮಯ, ಎಷ್ಟು ಗಂಟೆಯ ಮಾಹಿತಿ ಕಡಿಮೆ ಬಂತು ಎಂಬುದನ್ನು ಇಲಾಖೆಯ ತಾಣದಲ್ಲಿ ಹಾಕಬೇಕು. ಸಹಕಾರ ಸಂಘಗಳ ಲೆಕ್ಕ ಪರಿಶೋಧನೆಯಲ್ಲಿ ಇದಕ್ಕೊಂದು ಪುಟ ಇರಲಿ. ಪರಿಶೋಧಕರು ಆರಿಸಿದ ಯಾವುದೋ ಒಬ್ಬ ಸದಸ್ಯರ ಹಳೆಯ ಸಾಲದ ಖಾತೆಯನ್ನು ಬ್ಯಾಕಪ್ಪಿನಿಂದ ಅವರ ಎದುರೇ ತೆಗೆದು ತೋರಿಸಿ ಸಹಿ ಪಡೆಯಲಿ. ಅರ್ಧ ದಿನದ ಕೆಲಸ.

ಸದಸ್ಯರೂ ಸುಮ್ಮನಿರಬಾರದು. ಸೆಪ್ಟೆಂಬರ್‌ನಲ್ಲಿ ನಿಮ್ಮೂರ ಸಂಘದ ವಾರ್ಷಿಕ ಸರ್ವಸದಸ್ಯರ ಸಭೆ ಕರೆದಾಗ ಲಾಭ ಹಂಚಿಕೆಯ ಚರ್ಚೆ ಮುಗಿದ ಮೇಲೆ ಎದ್ದು ನಿಂತು ಕಾರ್ಯದರ್ಶಿಯವರನ್ನು ಎರಡು ಮಾತು ಕೇಳಿ: ನಮ್ಮ ಲೆಕ್ಕದ ಇನ್ನೊಂದು ಪ್ರತಿ ಯಾವ ಊರಿನಲ್ಲಿದೆ, ಅದನ್ನು ಕೊನೆಯ ಸಲ ತೆರೆದು ನೋಡಿದ ತಾರೀಕು ಯಾವುದು? ಅವರು ಕೊಟ್ಟ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.